ಸುಳ್ಳುಗಾರ ಕೊಟ್ಟ ಮಾತು ನಿಜವಾಗಿಬಿಟ್ಟ ಸಿನಿಮಾ

ಟೆಹರಾನಿನ ಒಂದು ಬಸ್ಸು. ಬಡವನೊಬ್ಬ ಪುಸ್ತಕ ಓದುತ್ತಾ ಕೂತಿದ್ದಾನೆ. ಪಕ್ಕದಲ್ಲಿರುವ ಗೃಹಿಣಿ ಆ ಪುಸ್ತಕ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಅದು ‘ದಿ ಸೈಕ್ಲಿಸ್ಟ್’ ಎಂಬ ಸಿನಿಮಾದ ಚಿತ್ರಕಥೆ. ಬರೆದವರು ಇರಾನಿನಲ್ಲಿ ಮನೆಮಾತಾಗಿದ್ದ ನಿರ್ದೇಶಕ ಮೊಹ್ಸೆನ್ ಮಖ್ಮಲ್‌ಬಾಫ್. ನೀವೇ ಇಟ್ಟುಕೊಳ್ಳಿ, ಇದನ್ನು ಬರೆದವನು ನಾನೇ ಅಂದುಬಿಡುತ್ತಾನೆ ಅವನು! ಅಷ್ಟು ದೊಡ್ಡ ನಿರ್ದೇಶಕ ಬಸ್ಸಿನಲ್ಲಿ ಓಡಾಡುವುದುಂಟೇ ಎಂದು ಆಕೆಗೆ ಅನುಮಾನ. ಜನರ ನಡುವೆ ಇದ್ದರೆ ತಾನೇ ಕಥೆ ಸಿಗುವುದು ಎಂದು ಅದಕ್ಕೂ ಅವನ ಬಳಿ ಉತ್ತರವಿದೆ.

ಇದು ಯಾರೋ ಕೂತು ಹೆಣೆದ ಕಥೆಯಲ್ಲ, 1989ರಲ್ಲಿ ನಡೆದದ್ದು. ಅವನ ಹೆಸರು ಹುಸೇನ್ ಸಬ್ಜಿಯಾನ್. ಪ್ರಿಂಟಿಂಗ್ ಪ್ರೆಸ್ಸಿನ ಕೆಲಸಗಾರ, ಸಿನಿಮಾದ ಹುಚ್ಚ. ಆಕೆಯದು ಆಹನ್‌ಖಾ ಕುಟುಂಬ, ಅನುಕೂಲಸ್ಥರು. ಸಬ್ಜಿಯಾನ್ ಆ ಮನೆಗೆ ಹೋಗಿ ಬಂದು ಮಾಡತೊಡಗಿದ. ನಿಮ್ಮ ಮನೆಯಲ್ಲೇ ಶೂಟಿಂಗ್ ಮಾಡೋಣ, ನೀವೇ ನಟಿಸಬೇಕು ಅಂದ. ‘ತನ್ನ’ ಸಿನಿಮಾ ತೋರಿಸಲು ಅವರನ್ನೆಲ್ಲ ಥಿಯೇಟರಿಗೂ ಕರೆದೊಯ್ದ. ನಡುವೆ ಒಂದಿಷ್ಟು ಸಾಲ ಕೇಳಿದ. ಕೊನೆಗೆ ಮನೆಯವರಿಗೆ ಸಂಶಯ ಬಂತು, ಪತ್ರಕರ್ತ ಬಂದ, ಪೊಲೀಸರು ಬಂದರು. ‘ಸೊರುಶ್’ ಪತ್ರಿಕೆಯಲ್ಲಿ ಸುದ್ದಿಯಾಯಿತು. ಅದನ್ನು ಓದಿದ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ ಕೈಯಲ್ಲಿದ್ದ ಸಿನಿಮಾವನ್ನು ಪಕ್ಕಕ್ಕಿಟ್ಟು, ಕ್ಯಾಮೆರಾ ಹೊತ್ತು ಜೈಲಿಗೂ ಕೋರ್ಟಿಗೂ ಓಡಿದರು. ಹುಟ್ಟಿದ್ದು 1990ರ ‘ಕ್ಲೋಸ್-ಅಪ್’.

ಈಗ ಉಸಿರು ಬಿಗಿಹಿಡಿಯಿರಿ. ಈ ಸಿನಿಮಾದಲ್ಲಿ ಸಬ್ಜಿಯಾನನ ಪಾತ್ರ ಮಾಡಿದ್ದು ಸಬ್ಜಿಯಾನನೇ! ಮೋಸಹೋದ ತಾಯಿಯಾಗಿ ಆ ತಾಯಿಯೇ, ಮಕ್ಕಳಾಗಿ ಆ ಮಕ್ಕಳೇ, ಪತ್ರಕರ್ತನಾಗಿ ಆ ಪತ್ರಕರ್ತನೇ ನಟಿಸಿದ್ದಾರೆ. ಮೋಸ ಮಾಡಿದವನೂ ಮೋಸಹೋದವರೂ ಮತ್ತೆ ಅದೇ ಮನೆಯ ಅದೇ ಕೋಣೆಯಲ್ಲಿ ಎದುರುಬದುರು ಕೂತು, ಆ ಮೋಸವನ್ನು ಮೊದಲಿನಿಂದ ಆಡಿ ತೋರಿಸುತ್ತಾರೆ. ಗುಟ್ಟು ಬಯಲಾಗಿ ಪೊಲೀಸರು ಹಿಡಿದೊಯ್ಯುವ ಗಳಿಗೆಯನ್ನೂ ಬಿಟ್ಟಿಲ್ಲ. ಅಂಥ ಅವಮಾನವನ್ನು ಇನ್ನೊಮ್ಮೆ ಅನುಭವಿಸಲು ಒಪ್ಪಿದ ಆ ಮನುಷ್ಯನ ಮುಖವನ್ನು ನೋಡುತ್ತಾ, ನಟನೆ ಎಲ್ಲಿ ಮುಗಿದು ಬದುಕು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದರೆ ಗೆರೆಯೇ ಸಿಗುವುದಿಲ್ಲ.

ಸಿನಿಮಾ ಶುರುವಾಗುವ ರೀತಿಯೇ ಬೇರೆ. ಪತ್ರಕರ್ತನೂ ಇಬ್ಬರು ಪೊಲೀಸರೂ ಟ್ಯಾಕ್ಸಿಯಲ್ಲಿ ಸಬ್ಜಿಯಾನನನ್ನು ಹಿಡಿಯಲು ಬರುತ್ತಾರೆ. ನಮಗೆ ಕಾತರ. ಅವರೆಲ್ಲ ಒಳಗೆ ಹೋಗುತ್ತಾರೆ, ಕ್ಯಾಮೆರಾ ಮಾತ್ರ ಹೋಗುವುದಿಲ್ಲ! ಅದು ಹೊರಗೆ ಟ್ಯಾಕ್ಸಿ ಡ್ರೈವರನ ಜೊತೆ ಉಳಿದುಬಿಡುತ್ತದೆ. ಅವನು ಕಸದ ರಾಶಿಯಲ್ಲಿ ಬಿದ್ದ ಹೂಗಳನ್ನು ಆಯ್ದುಕೊಳ್ಳುತ್ತಾನೆ. ಅಲ್ಲಿದ್ದ ಒಂದು ಖಾಲಿ ಸ್ಪ್ರೇ ಡಬ್ಬಿಯನ್ನು ಕಾಲಿನಿಂದ ತಳ್ಳುತ್ತಾನೆ. ಡಬ್ಬಿ ಇಳಿಜಾರಿನ ರಸ್ತೆಯಲ್ಲಿ ಗಡಗಡ ಉರುಳುತ್ತದೆ, ಉರುಳುತ್ತಲೇ ಇರುತ್ತದೆ, ಕ್ಯಾಮೆರಾ ಅದರ ಹಿಂದೆಯೇ ಹೋಗುತ್ತದೆ. ಒಳಗೆ ಒಬ್ಬನ ಬಾಳು ಕುಸಿಯುತ್ತಿರುವಾಗ ನಾವು ಡಬ್ಬಿ ನೋಡುತ್ತಿದ್ದೇವೆ! ಆಮೇಲೆ ಪತ್ರಕರ್ತ ಮನೆಮನೆಯ ಬಾಗಿಲು ತಟ್ಟಿ ಟೇಪ್ ರೆಕಾರ್ಡರ್ ಇದೆಯಾ ಎಂದು ಕೇಳುತ್ತಾನೆ. ಜೀವಮಾನದ ಸುದ್ದಿ ಸಿಕ್ಕಿದೆ, ದನಿ ಹಿಡಿಯಲು ಯಂತ್ರವಿಲ್ಲ! ಬಾಗಿಲ ಹಿಂದೆ ನಡೆದದ್ದನ್ನು ನೋಡಲು ನಾವು ಬಹಳ ಹೊತ್ತು ಕಾಯಬೇಕು. ಅಷ್ಟರಲ್ಲಿ ನಮ್ಮ ಕಣ್ಣಿಗೆ ಆ ಕಳ್ಳ ಕಳ್ಳನಾಗಿ ಉಳಿದಿರುವುದಿಲ್ಲ.

ಅವನನ್ನು ಬದಲಿಸುವುದು ಕೋರ್ಟಿನ ದೃಶ್ಯ. ಚಿತ್ರ ಇಲ್ಲಿ ಒರಟಾಗುತ್ತದೆ, 16 ಎಂಎಂ ಫಿಲ್ಮಿನ ಕಾಳುಕಾಳು ಕಾಣುತ್ತದೆ. ಕಿಯಾರೊಸ್ತಮಿ ಆರೋಪಿಗೆ ಒಂದು ಮಾತು ಹೇಳುತ್ತಾರೆ. ಇಲ್ಲಿ ಒಂದು ಕ್ಯಾಮೆರಾ ನಿನ್ನ ಮುಖವನ್ನಷ್ಟೇ ಹತ್ತಿರದಿಂದ ನೋಡುತ್ತದೆ, ಜನರಿಗೆ ನಂಬಲು ಕಷ್ಟವಾಗುವ ಮಾತು ಏನಾದರೂ ಇದ್ದರೆ ಅದಕ್ಕೆ ಹೇಳು. ನ್ಯಾಯಾಧೀಶರು ಕಾನೂನಿಗೆ, ಈ ಲೆನ್ಸು ಮನಸ್ಸಿಗೆ! ಸಬ್ಜಿಯಾನ್ ಹೇಳತೊಡಗುತ್ತಾನೆ. ಆ ಮನೆಯಲ್ಲಿ ತಾನು ಹೇಳಿದ್ದು ನಡೆಯುತ್ತಿತ್ತು, ಎಲ್ಲರೂ ಗೌರವ ಕೊಡುತ್ತಿದ್ದರು. ಹೊರಗೆ ಬಂದರೆ ಮತ್ತೆ ಅದೇ ಬರಿಗೈ, ಅದೇ ಯಾರಿಗೂ ಬೇಡದ ಸಬ್ಜಿಯಾನ್. ಅವನ ವಯಸ್ಸಾದ ತಾಯಿಯೂ ಅಲ್ಲಿಯೇ ಕೂತಿದ್ದಾಳೆ. ನಮ್ಮೂರಿನ ಹಗಲುವೇಷದವರು ರಾಮನಾಗಿ ಮನೆಬಾಗಿಲಿಗೆ ಬಂದಾಗ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ, ಕಾಳು ಕಾಸು ಕೊಟ್ಟು ಕೈಮುಗಿಯುತ್ತಾರೆ. ಸಬ್ಜಿಯಾನ್ ಬಣ್ಣ ಹಚ್ಚದೆ ಕಟ್ಟಿದ ವೇಷವೂ ಅಂಥದೇ ಎಂದು ನನಗನ್ನಿಸಿದೆ. ಕಾಸಿಗಾಗಿ ಹೊರಟವನು ಇಷ್ಟು ಕಡಿಮೆ ಕಾಸಿಗೆ ಇಷ್ಟು ದಿನ ಕಷ್ಟಪಡುತ್ತಿರಲಿಲ್ಲ.

ವೃತ್ತಿನಟರಲ್ಲದವರ ಮುಖ ನಮಗೂ ಹೊಸದಲ್ಲ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯದ ಹಳ್ಳಿಯವರೇ ನಟಿಸಿದ್ದರು, 2016ರಲ್ಲಿ ಗಡ್ಡಪ್ಪನನ್ನು ಕಂಡು ನಾಡೇ ಬೆರಗಾಯಿತು. ಆದರೆ ಅಲ್ಲಿ ಕಥೆ ಬರೆದದ್ದು. ಇಲ್ಲಿ ಕಥೆಯೇ ಅವರ ಬದುಕು.

ಮತ್ತು ಇದನ್ನು ಹೇಳದೆ ಇರಲಾರೆ! ಸಬ್ಜಿಯಾನ್ ಆ ಕುಟುಂಬಕ್ಕೆ ಕೊಟ್ಟ ಮಾತು ಯಾವುದು? ನಿಮ್ಮ ಮನೆಯಲ್ಲಿ ಸಿನಿಮಾ ತೆಗೆಯುತ್ತೇನೆ, ನೀವೇ ನಟಿಸುತ್ತೀರಿ. ಆ ಮನೆಯಲ್ಲಿ ಸಿನಿಮಾ ತೆಗೆದಾಯಿತು. ಅವರೇ ನಟಿಸಿದರು. ಜಗತ್ತೇ ನೋಡಿತು. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ಮತದಿಂದ ಮಾಡಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ 17ನೇ ಸ್ಥಾನ! ಜೈಲಿಗೆ ಕಳಿಸಿದ ಆ ಸುಳ್ಳು ಅಕ್ಷರಶಃ ನಿಜವಾಗಿಬಿಟ್ಟಿದೆ. ಹಾಗಾದರೆ ಅದನ್ನು ಸುಳ್ಳು ಎನ್ನುವುದು ಹೇಗೆ?

ಕೊನೆಯಲ್ಲಿ, ಬಿಡುಗಡೆಯಾಗಿ ಹೊರಬಂದ ಸಬ್ಜಿಯಾನನ ಎದುರಿಗೆ ನಿಜವಾದ ಮಖ್ಮಲ್‌ಬಾಫ್ ನಿಂತಿದ್ದಾರೆ. ಅವನು ಬಿಕ್ಕಿ ಬಿಕ್ಕಿ ಅಳುತ್ತಾನೆ. ಮೋಟಾರ್ ಬೈಕಿನಲ್ಲಿ ಇಬ್ಬರೂ ಆಹನ್‌ಖಾ ಮನೆಗೆ ಹೊರಡುತ್ತಾರೆ, ದಾರಿಯಲ್ಲಿ ಹೂ ಕೊಳ್ಳುತ್ತಾರೆ. ಕಿಯಾರೊಸ್ತಮಿಯ ತಂಡ ದೂರದಿಂದ ವಾಹನದಲ್ಲಿ ಹಿಂಬಾಲಿಸುತ್ತಿದೆ. ಅಷ್ಟರಲ್ಲಿ ಮೈಕು ಕೈಕೊಡುತ್ತದೆ. ಮಾತು ಬರುತ್ತದೆ, ಹೋಗುತ್ತದೆ. ಅಯ್ಯೋ, ಇಂಥ ಗಳಿಗೆಯಲ್ಲೇ ಕೆಡಬೇಕೇ ಎಂದು ಚಡಪಡಿಸುತ್ತೇವೆ.

ಮೈಕು ಕೆಟ್ಟಿರಲೇ ಇಲ್ಲ! ಆ ದನಿಯನ್ನು ಬೇಕೆಂದೇ ಕತ್ತರಿಸಿದ್ದು ಎಂದು ಕಿಯಾರೊಸ್ತಮಿ ಆಮೇಲೆ ಹೇಳಿದರು. ಚಿತ್ರೀಕರಣ ನಡೆಯುತ್ತಿರುವುದು ಮಖ್ಮಲ್‌ಬಾಫ್‌ಗೆ ಗೊತ್ತಿದ್ದರಿಂದ ಅವರ ಮಾತು ಕೃತಕವಾಗಿತ್ತು, ಸಬ್ಜಿಯಾನನ ಮಾತಿನಲ್ಲಿ ಮಾತ್ರ ಹೃದಯವಿತ್ತು. ಎರಡನ್ನೂ ಜೊತೆಗೆ ಕೇಳಿಸಿದರೆ ಆ ಭೇಟಿಯೇ ಕೆಡುತ್ತಿತ್ತು. ಅಂದರೆ, ಅಸಲಿ ನಿರ್ದೇಶಕ ಅಲ್ಲಿ ನಟಿಸುತ್ತಿದ್ದ, ನಕಲಿ ನಿರ್ದೇಶಕ ನಿಜವಾಗಿ ಅಳುತ್ತಿದ್ದ. ಆ ಕಣ್ಣೀರಿನ ಮರ್ಯಾದೆ ಕಾಯಲು ಕಿಯಾರೊಸ್ತಮಿ ನಮಗೆಲ್ಲ ಒಂದು ಸುಳ್ಳು ಹೇಳಿದರು.