ಮೋಟಾರು ಗಾಡಿಯಲ್ಲಿ ಮಂದ್ರ ನಾದ

ಹಾಡಿನ ಮಂದ್ರಸ್ವರಗಳನ್ನು ತುಂಬಿ ಕೇಳಬೇಕೆಂದು ಗಾಡಿಯಲ್ಲಿ ಸಬ್‌ವೂಫರನ್ನೂ ಅದನ್ನು ನುಡಿಸುವ ಆಂಪ್ಲಿಫೈಯರನ್ನೂ ಇರಿಸಿಕೊಳ್ಳುವ ಆಸೆ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿಯೂ ಉಂಟು. ಆಸೆಯನ್ನು ನಾವು ಹಳಿಯುವುದಿಲ್ಲ. ಮೊದಲು ಲೆಕ್ಕ ಮಾಡಿರೆಂದು ಮಾತ್ರ ಹೇಳುತ್ತೇವೆ.

ಆಂಪ್ಲಿಫೈಯರು 300 ವಾಟ್ ಶಕ್ತಿಯನ್ನು ಹೊರಗೆ ಕೊಡುವುದೆಂದಿರಲಿ. ತೆಗೆದುಕೊಂಡದ್ದರಲ್ಲಿ ಐದರಲ್ಲೊಂದು ಪಾಲು ಶಾಖವಾಗಿ ಹೋಗುವುದಾದರೆ ಅದಕ್ಕೆ 375 ವಾಟ್ ಬೇಕು. ಇದನ್ನು 12.5 ವೋಲ್ಟಿನಿಂದ ಭಾಗಿಸಿದರೆ 30 ಆಂಪಿಯರ್ ಆಯಿತು. ಎಂಜಿನ್ ನಡೆಯುವಾಗ ಈ ಪ್ರವಾಹವನ್ನು ಒದಗಿಸತಕ್ಕದ್ದು ಆಲ್ಟರ್ನೇಟರು; ದೀಪ, ಫ್ಯಾನುಗಳೂ ಅದರ ಆಶ್ರಿತರೇ. ಮಂದ್ರದ ಪೆಟ್ಟಿಗೊಮ್ಮೆ ದೀಪ ಮಂಕಾದರೆ ಕೊರತೆ ಬಿದ್ದಿತೆಂದು ತಿಳಿಯಬೇಕು.

ಇಷ್ಟು ಪ್ರವಾಹವನ್ನು ಸ್ಟೀರಿಯೋದ ಸಣ್ಣ ತಂತಿ ತಾಳಲಾರದು. ಆದಕಾರಣ ಬ್ಯಾಟರಿಯಿಂದಲೇ ದಪ್ಪನೆಯ ತಾಮ್ರದ ತಂತಿಯನ್ನು ಎಳೆದು, ಆ ತಂತಿ ತಾಳುವ ಮಿತಿಯೊಳಗಿನ ಫ್ಯೂಸನ್ನು ಬ್ಯಾಟರಿಗೆ ಒಂದು ಗೇಣಿನೊಳಗೆ ಇಡತಕ್ಕದ್ದು. ಫ್ಯೂಸು ಆಂಪ್ಲಿಫೈಯರಿನ ಕಾವಲೆಂದು ಅನೇಕರ ಭಾವನೆ. ಇಲ್ಲಿ ಅದು ಕಾಯುವುದು ತಂತಿಯನ್ನು. ಹೊದಿಕೆ ಸವೆದು ತಂತಿಯು ಗಾಡಿಯ ಲೋಹಕ್ಕೆ ತಗಲಿತೆನ್ನೋಣ. ಫ್ಯೂಸು ಹಿಂದುಗಡೆ ಆಂಪ್ಲಿಫೈಯರಿನ ಬಳಿಯಲ್ಲಿ ಮಾತ್ರ ಇದ್ದರೆ ಪ್ರವಾಹವು ತಡೆಯಿಲ್ಲದೆ ಹರಿದು ಬೆಂಕಿ ಹೊತ್ತೀತು. ಇದೊಂದನ್ನು ಮೆಕ್ಯಾನಿಕನಿಗೆ ಬಿಟ್ಟುಬಿಡದೆ ತಾಯಿತಂದೆಗಳು ಕಣ್ಣಾರೆ ನೋಡಬೇಕು.

ಅರ್ಥ್ ತಂತಿಯೂ ಅಷ್ಟೇ ದಪ್ಪವಿದ್ದು, ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಕೂಡಿರಲಿ. ಆಂಪ್ಲಿಫೈಯರನ್ನು ಎಬ್ಬಿಸುವ ರಿಮೋಟ್ ತಂತಿ ಸ್ಟೀರಿಯೋದಿಂದಲೇ ಬಂದಿರಲಿ. ಇಲ್ಲವಾದರೆ ಗಾಡಿ ನಿಂತ ಮೇಲೂ ಅದು ಎಚ್ಚತ್ತಿದ್ದು, ಒಂದೆರಡು ದಿನಗಳಲ್ಲಿ ಬ್ಯಾಟರಿ ಬರಿದಾದೀತು.