ರೂಟ್ ಲಾಗಿನ್: ಬೀಗ ಎಲ್ಲರಿಗೂ ಕಾಣಲಿ, ಕೀಲಿಕೈ ಮಾತ್ರ ಕಿಸೆಯಲ್ಲಿರಲಿ

ಕೆಲವು ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಮೇಜಿನ ಮೇಲೆ ಹಾರ್ಡ್ ಡಿಸ್ಕ್ ಇಲ್ಲದ ಚಿಕ್ಕ ಪೆಟ್ಟಿಗೆ ಮಾತ್ರ ಇರುತ್ತದೆ. ಅದೇ ಥಿನ್ ಕ್ಲೈಂಟ್. ಸ್ವಿಚ್ ಹಾಕಿದಾಗ ಅದು ಆಪರೇಟಿಂಗ್ ಸಿಸ್ಟಮ್‌ನ ‘ಇಮೇಜ್’ ಅನ್ನು ನೆಟ್‌ವರ್ಕ್ ಮೂಲಕ ಸರ್ವರ್‌ನಿಂದ ಪಡೆಯುತ್ತದೆ. ಲಿನಕ್ಸ್‌ನಲ್ಲಿ ಇದಕ್ಕಾಗಿ ಎಲ್‌ಟಿಎಸ್‌ಪಿ ಎಂಬ ಉಚಿತ ತಂತ್ರಾಂಶವಿದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಇಂಥ ಒಂದೊಂದು ಲ್ಯಾಬ್ ಇದೆ ಎಂದುಕೊಳ್ಳಿ. ಪ್ರತಿ ಸಣ್ಣ ತೊಂದರೆಗೂ ಬಸ್ ಹತ್ತಿ ಹೋಗಲು ಆಗುವುದಿಲ್ಲ. ದೂರದಿಂದಲೇ ‘ರೂಟ್’ ಆಗಿ ಒಳಹೋಗಬೇಕು. ರೂಟ್ ಎಂದರೆ ಆ ಯಂತ್ರದ ಮಾಲೀಕ. ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ನಾವು ಟೈಪ್ ಮಾಡುವ ಖಾತೆ ಸಂಖ್ಯೆಯನ್ನೂ ಅವನು ಓದಬಲ್ಲ. ಆದ್ದರಿಂದ ಈ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ನಮ್ಮೆಲ್ಲರ ಪ್ರಶ್ನೆ.

ಹಿಂದೆ ಬಳಸುತ್ತಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಪೋಸ್ಟ್ ಕಾರ್ಡಿನ ಬರಹದಂತೆ ತೆರೆದೇ ಹೋಗುತ್ತಿತ್ತು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್‌ಗಳ ಕಳ್ಳತನವಾಯಿತು. ಆಮೇಲೆ ಅಲ್ಲಿನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ರೂಪಿಸಿದರು. ಇದರಲ್ಲಿ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ ನಡೆಯುತ್ತದೆ.

ಅಷ್ಟೇ ಸಾಕೇ? ಸಾಲದು. ಥಿನ್ ಕ್ಲೈಂಟ್‌ನ ಇಮೇಜ್ ಅನ್ನು ಸಾಮಾನ್ಯವಾಗಿ ಅದೇ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ರೂಟ್ ಪಾಸ್‌ವರ್ಡ್ ಅದರೊಳಗೆ ಸಂಕೇತ ರೂಪದಲ್ಲಿದ್ದರೂ, ಬಿಡುವಾಗಿ ಕೂತು ಊಹಿಸಿ ಒಡೆಯಬಹುದು. ಒಡೆದರೆ ಆ ಇಮೇಜ್ ಬಳಸುವ ಎಲ್ಲ ಪೆಟ್ಟಿಗೆಗಳೂ ತೆರೆದಂತೆಯೇ.

ಪರಿಹಾರ, ಜೋಡಿ ಕೀ. ನಮ್ಮ ಮನೆಯ ಉರ್ದುವಿನಲ್ಲಿ ಹೇಳುವುದಾದರೆ ತಾಲಾ ಮತ್ತು ಚಾಬಿ. ಪಬ್ಲಿಕ್ ಕೀ ಎಂಬ ಬೀಗವನ್ನು ಇಮೇಜ್‌ನಲ್ಲಿಡಬೇಕು. ಅದನ್ನು ಯಾರು ನೋಡಿದರೂ ನಷ್ಟವಿಲ್ಲ. ಪ್ರೈವೇಟ್ ಕೀ ಎಂಬ ಕೀಲಿಕೈ ನಿರ್ವಾಹಕರ ಬಳಿ ಮಾತ್ರ ಇರಬೇಕು, ಅದಕ್ಕೂ ಒಂದು ಪಾಸ್‌ಫ್ರೇಸ್ ಇರಬೇಕು. ರೂಟ್‌ಗೆ ಪಾಸ್‌ವರ್ಡ್ ಲಾಗಿನ್ ಪೂರ್ತಿ ನಿಲ್ಲಿಸಬೇಕು. 2015ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.0ರಿಂದ ಇದೇ ಮೂಲ ನಿಯಮ. 22ನೇ ಪೋರ್ಟನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆಯದೆ ವಿಪಿಎನ್ ಮೂಲಕ ಬರುವುದು ಇನ್ನೂ ಕ್ಷೇಮ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಹೊಸ ಪಾಠವಲ್ಲ. ಗಲ್ಲಾಪೆಟ್ಟಿಗೆಯ ಒಂದೇ ಕೀಲಿಕೈ ಐವರ ಬಳಿ ಇದ್ದರೆ, ಹಣ ಕಡಿಮೆಯಾದಾಗ ಯಾರನ್ನು ಕೇಳುವುದು? ಒಬ್ಬೊಬ್ಬರಿಗೂ ಬೇರೆ ಬೇರೆ ಕೀ ಕೊಟ್ಟರೆ ಯಾವ ಕೀಯಿಂದ ಲಾಗಿನ್ ಆಯಿತೆಂದು ಲಾಗ್‌ನಲ್ಲಿ ದಾಖಲಾಗುತ್ತದೆ. ಆ ಲಾಗ್ ಅನ್ನು ಸರ್ವರ್‌ಗೆ ಕಳಿಸಿಡಬೇಕು, ಇಲ್ಲವಾದರೆ ಪೆಟ್ಟಿಗೆ ಆಫ್ ಆದೊಡನೆ ಅಳಿಸಿಹೋಗಬಹುದು. ಕೆಲಸ ಬಿಟ್ಟವರ ಬೀಗವನ್ನು ಇಮೇಜ್‌ನಿಂದ ತೆಗೆದು, ಪೆಟ್ಟಿಗೆಗಳನ್ನು ಮರುಚಾಲನೆ ಮಾಡಿದರೆ ಅವರ ಕೀಲಿಕೈ ಎಲ್ಲೂ ತಿರುಗದು. ಲೆಕ್ಕದ ಪುಸ್ತಕದಲ್ಲಾಗಲಿ ಲ್ಯಾಬಿನಲ್ಲಾಗಲಿ, ನಂಬಿಕೆ ಉಳಿಯುವುದು ಹೊಣೆ ಯಾರದೆಂದು ಸ್ಪಷ್ಟವಾಗಿದ್ದಾಗಲೇ.