ಕುಡಿಯದವರಿಗೂ ಲಿವರ್ ಕ್ಯಾನ್ಸರ್ ಬರುತ್ತದೆಯೇ?



ಲಿವರ್ ಕ್ಯಾನ್ಸರ್ ಎಂದಾಕ್ಷಣ ನಮ್ಮ ಜನರ ಬಾಯಲ್ಲಿ ಮೊದಲು ಬರುವ ಪ್ರಶ್ನೆ, "ಕುಡಿಯುತ್ತಿದ್ದನೇ?" ಎಂಬುದು. ನೊಂದ ತಂದೆತಾಯಿಗೆ ಈ ಪ್ರಶ್ನೆ ಇನ್ನೊಂದು ಗಾಯ. ಏಕೆಂದರೆ ಮದ್ಯಕ್ಕೂ ಹೆಪಟೈಟಿಸ್‌ಗೂ ಸಂಬಂಧವಿಲ್ಲದ, ಹದಿಹರೆಯದವರಲ್ಲಿ ಮತ್ತು ಯುವಜನರಲ್ಲಿ ಹೆಚ್ಚಾಗಿ ಕಾಣಿಸುವ ಒಂದು ಅಪರೂಪದ ಯಕೃತ್ತಿನ ಕ್ಯಾನ್ಸರ್ ಇದೆ. ಅದರ ಹೆಸರು ಫೈಬ್ರೋಲ್ಯಾಮೆಲ್ಲರ್ ಕಾರ್ಸಿನೋಮ. 1956ರಲ್ಲಿ ಎಡ್ಮಂಡ್‌ಸನ್ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದ್ದು 14 ವರ್ಷದ ಬಾಲಕಿಯೊಬ್ಬಳಲ್ಲಿ.

ಪತ್ತೆ ಹೇಗೆ?

ಗೆಡ್ಡೆಯ ಸುತ್ತಲಿನ ಯಕೃತ್ತು ಆರೋಗ್ಯವಾಗಿರುವುದರಿಂದ ರೋಗ ಬಹುಕಾಲ ಮೌನವಾಗಿರುತ್ತದೆ. ಹೊಟ್ಟೆನೋವು, ಹೊಟ್ಟೆ ತುಂಬಿದಂತಾಗುವುದು, ತೂಕ ಇಳಿಯುವುದು, ಕೈಗೆ ಸಿಗುವ ಗಡ್ಡೆ ಇದರ ಲಕ್ಷಣಗಳು. ಯಕೃತ್ತಿನ ಕ್ಯಾನ್ಸರಿಗೆ ಮಾಡುವ ಎ.ಎಫ್.ಪಿ. ರಕ್ತಪರೀಕ್ಷೆ ಇಲ್ಲಿ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ. ಆದ್ದರಿಂದ ಸ್ಕ್ಯಾನಿಂಗೇ ಮುಖ್ಯ.

ಸಿ.ಟಿ. ಸ್ಕ್ಯಾನಿನಲ್ಲಿ ದೊಡ್ಡ ಗೆಡ್ಡೆ, ಅದರ ನಡುವೆ ನಕ್ಷತ್ರದಂಥ ಗಾಯದ ಕಲೆ, ಹಲವರಲ್ಲಿ ಸುಣ್ಣದ ಚುಕ್ಕೆಗಳು ಕಾಣುತ್ತವೆ. ಆದರೆ ಯುವತಿಯರಲ್ಲಿ ಬರುವ ಒಂದು ನಿರಪಾಯಕಾರಿ ಗಂಟಿನಲ್ಲೂ ಇಂಥದೇ ಕಲೆ ಇರುತ್ತದೆ. ಎಂ.ಆರ್.ಐ.ಯ ಟಿ-2 ಚಿತ್ರದಲ್ಲಿ ಆ ಗಂಟಿನ ಕಲೆ ಸಾಮಾನ್ಯವಾಗಿ ಬೆಳ್ಳಗೆ, ಕ್ಯಾನ್ಸರಿನದು ಕಪ್ಪಗೆ ಕಾಣುತ್ತದೆ. ಸಂದೇಹ ಉಳಿದರೆ ಬಯಾಪ್ಸಿ ಮಾಡುತ್ತಾರೆ. ಗೆಡ್ಡೆ ರಕ್ತನಾಳಕ್ಕೆ ತಾಗಿದೆಯೇ, ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂಬುದನ್ನೂ ಸ್ಕ್ಯಾನ್ ನೋಡಿಯೇ ಶಸ್ತ್ರವೈದ್ಯರು ತೀರ್ಮಾನಿಸುತ್ತಾರೆ. ಹೊಸೂರು, ತಾಳವಾಡಿ ಕಡೆಯಿಂದ ಬೆಂಗಳೂರಿಗೋ ಮೈಸೂರಿಗೋ ಹೋಗುವವರು ಹಳೆಯ ಫಿಲ್ಮು, ರಿಪೋರ್ಟುಗಳನ್ನೆಲ್ಲ ತಪ್ಪದೆ ಜೊತೆಗೆ ಒಯ್ಯಿರಿ.

ಶಸ್ತ್ರಚಿಕಿತ್ಸೆಯ ಫಲ

ಗೆಡ್ಡೆಯನ್ನೂ ರೋಗ ತಗುಲಿದ ಗ್ರಂಥಿಗಳನ್ನೂ ಪೂರ್ತಿ ತೆಗೆಯುವುದೇ ಪ್ರಧಾನ ಚಿಕಿತ್ಸೆ. ಉಳಿದ ಭಾಗ ಆರೋಗ್ಯವಾಗಿದ್ದರೆ ಯಕೃತ್ತಿನ ಮೂರರಲ್ಲಿ ಎರಡು ಪಾಲು ತೆಗೆದರೂ ಅದು ಮತ್ತೆ ಬೆಳೆಯುತ್ತದೆ. ಸೃಷ್ಟಿಕರ್ತರು ಈ ಅಂಗಕ್ಕೆ ಇಟ್ಟಿರುವ ಶಕ್ತಿ ಅದು! ಪೂರ್ತಿ ತೆಗೆಯಲು ಸಾಧ್ಯವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕಿದ್ದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ರೋಗ ಮರುಕಳಿಸುವುದು ಸಾಮಾನ್ಯ. ಆದ್ದರಿಂದ "ಆಪರೇಷನ್ ಆಯಿತು, ವಾಸಿಯಾಯಿತು" ಎಂದು ಕೂರದೆ ವರ್ಷಗಟ್ಟಲೆ ಸ್ಕ್ಯಾನ್ ಮಾಡಿಸಬೇಕು. ಮರುಕಳಿಸಿದರೂ ಕೆಲವರಿಗೆ ಮತ್ತೆ ಶಸ್ತ್ರಚಿಕಿತ್ಸೆ ಸಾಧ್ಯ.

2014ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ತಂಡವು ಈ ಗೆಡ್ಡೆಯ ಜೀವಕೋಶಗಳಲ್ಲಿ ಎರಡು ಜೀನುಗಳು ಬೆಸೆದುಕೊಂಡಿರುವುದನ್ನು ಕಂಡುಹಿಡಿಯಿತು. ಆ ತಂಡದಲ್ಲಿದ್ದ ಎಲಾನಾ ಸೈಮನ್ ಎಂಬ ವಿದ್ಯಾರ್ಥಿನಿಗೆ 12ನೇ ವಯಸ್ಸಿನಲ್ಲಿ ಇದೇ ರೋಗ ಬಂದಿತ್ತು. ಈ ಬೆಸುಗೆ ಗೆಡ್ಡೆಯಲ್ಲೇ ಹುಟ್ಟುವಂಥದು, ವಂಶದಿಂದ ಬಂದದ್ದಲ್ಲ. ತಾಯಿಯ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ.

ನಮ್ಮ ಕರ್ತವ್ಯ

ಹುಟ್ಟುಕುರುಡನನ್ನು ಕಂಡ ಶಿಷ್ಯರು "ಯಾರ ಪಾಪ?" ಎಂದು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ನಾವೂ ಹಾಗೆಯೇ ಮಾಡೋಣ. ರೋಗಿಗಳ ಅಭ್ಯಂಗ ಸಂಸ್ಕಾರ ಸಾಯುವವರಿಗೆ ಮಾತ್ರ ಎಂಬ ಭಯ ಬೇಡ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಪಡೆಯುವುದು ಉಚಿತವೆಂದು ಧರ್ಮಸಭೆಯೇ ಬೋಧಿಸುತ್ತದೆ. ಗುರುಗಳನ್ನು ಕರೆಯಿರಿ, ವೈದ್ಯರ ಬಳಿಗೂ ತಡಮಾಡದೆ ಹೋಗಿ. ನೆರೆಮನೆಯಲ್ಲಿ ಇಂಥ ಕಷ್ಟ ಬಂದಾಗ ಕಾರಣ ಕೇಳಬೇಡಿ, "ಆಸ್ಪತ್ರೆಗೆ ಜೊತೆಗೆ ಬರಲೇ?" ಎಂದು ಕೇಳಿ.